ಹಳೆ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮೊದಲು

ಪ್ರೀತಿಯ ಅಳಿಯಾ,

ನಿನ್ನ ಹೆಸರಿಗೆ ಬರೆದರೂ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಹಳೆ ಲ್ಯಾಪ್‌ಟಾಪ್ ಹಿಡಿದುಕೊಂಡು ಡಿಗ್ರಿಗೆ ಸೇರಿದವ ನೀನೊಬ್ಬನೇ ಅಲ್ಲವಲ್ಲ.

ಕಡಬದಿಂದ ನಿನ್ನ ಅಮ್ಮ ಫೋನ್ ಮಾಡಿದ್ದಳು. ಪುತ್ತೂರಿನ ಕಾಲೇಜಿಗೆ ಹೋಗಲು ಹೊಸದೇ ಬೇಕೆಂದು ನಿನ್ನ ಹಟವಂತೆ. ಅಣ್ಣ ಬಿಟ್ಟುಹೋದ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಿಡಿಯುವುದಿಲ್ಲ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂಗಡಿಯವರು ‘ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿ ಕೊಡ್ತೇವೆ’ ಅಂದರಂತೆ. ಅದು ಬೇಡ. ಬೀಗ ಒಡೆದವರು ಒಳಗೆ ಇನ್ನೇನು ಸೇರಿಸಿದ್ದಾರೆಂದು ಅಂಗಡಿಯವನಿಗೂ ಗೊತ್ತಿರುವುದಿಲ್ಲ. ಅದರಲ್ಲೇ ನೀನು ಬ್ಯಾಂಕಿನ ಪಾಸ್‌ವರ್ಡ್ ಒತ್ತುವವ.

ಆ ಲ್ಯಾಪ್‌ಟಾಪಿಗೆ ವಿಂಡೋಸಿನ ಬದಲು ಲಿನಕ್ಸ್ ಹಾಕು. ಅದರ ಬಗೆಗಳಲ್ಲಿ ಉಬುಂಟು ಆದೀತು, ಹಳೆ ಯಂತ್ರಕ್ಕೆ ಲಿನಕ್ಸ್ ಮಿಂಟ್ ಇನ್ನೂ ವಾಸಿ. 4 ಜಿಬಿ ರ‍್ಯಾಮ್ ಇದ್ದರೆ ನಡೆಯುತ್ತದೆ.

‘ಅದೆಲ್ಲ ಇಂಜಿನಿಯರುಗಳಿಗೆ ಮಾವ’ ಅನ್ನಬೇಡ. ಜಾಲ್ಸೂರು ದಾಟಿ ಕೇರಳದ ಮುಳ್ಳೇರಿಯ ಕಡೆಗೆ ಹೋಗು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಯುವುದೇ ಲಿನಕ್ಸಿನಲ್ಲಿ. ಕೇರಳ ಸರಕಾರ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಶುರುಮಾಡಿ, ಮುಂದೆ ಶಾಲೆಗಳನ್ನು ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಸ್ವತಂತ್ರ ತಂತ್ರಾಂಶಕ್ಕೆ ತಂದಿತು. ಅದೇ ಈಗ ‘ಕೈಟ್’ ಸಂಸ್ಥೆ. ಉಬುಂಟುವನ್ನು ಶಾಲೆಗೆ ಬೇಕಾದ ಹಾಗೆ ತಿದ್ದಿ ತನ್ನದೇ ಹೆಸರಿನಲ್ಲಿ ಹಂಚುತ್ತದೆ. ಗಡಿಯಾಚೆ ಹತ್ತನೇ ಕ್ಲಾಸಿನ ಹುಡುಗಿಗೆ ಸಲೀಸಾದದ್ದು ಈಚೆ ಡಿಗ್ರಿ ಹುಡುಗನಿಗೆ ಯಾಕೆ ಹೆದರಿಕೆ ಹುಟ್ಟಿಸಬೇಕೋ!

ದುಡ್ಡು ಉಳಿಯುತ್ತದೆ, ಸರಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವುದನ್ನು ನೋಡಿಯೇ ಬೆಳೆದವ ನೀನು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೋರ್ಡೋದ ಲೆಕ್ಕ ಯಾರ ಗುಟ್ಟೂ ಅಲ್ಲ. ಮಳೆಗೆ ತೊಳೆದುಹೋಗದಿರಲೆಂದು ಒಬ್ಬ ರಾಳ ಸೇರಿಸುತ್ತಾನೆ, ಪಕ್ಕದ ತೋಟದವ ಕೇಳಿಕೊಂಡು ತಾನೂ ಮಾಡುತ್ತಾನೆ. ಫ್ರಾನ್ಸಿನ ದ್ರಾಕ್ಷಿ ತೋಟದ ಮದ್ದು ನಮ್ಮ ಅಡಿಕೆ ಮರ ಹತ್ತಿದ್ದು ಹಾಗೆ. ಲಿನಕ್ಸಿನ ಕಥೆಯೂ ಅದೇ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸಿನ ತಿರುಳನ್ನು ಬರೆದು ಸೋರ್ಸ್ ಕೋಡ್ ಸಮೇತ ಎಲ್ಲರ ಮುಂದಿಟ್ಟ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲೇ ಸಾರಿದ್ದ ಸ್ವತಂತ್ರ ತಂತ್ರಾಂಶದ ಗ್ನೂ ಯೋಜನೆಯ ಕೆಲಸ ಅದಕ್ಕೆ ಜೊತೆಯಾಯಿತು. ಪರವಾನಗಿಯ ಶರತ್ತು ಇಷ್ಟೇ: ತಿದ್ದು, ಹಂಚು, ಬೇಕಿದ್ದರೆ ಮಾರು, ನಿನ್ನಿಂದ ಪಡೆದವನಿಗೂ ಅದೇ ಹಕ್ಕು ಇರಲಿ.

ಈ ಹಕ್ಕಿನ ಬೆಲೆ ಗೊತ್ತಾಗುವುದು ಕೊಲ್ಲಮೊಗ್ರಿನಂಥ ಹಳ್ಳಿಗಳಲ್ಲಿ. ನೆಟ್‌ವರ್ಕಿಗೆ ಗುಡ್ಡ ಹತ್ತುವವರು ಮೂರು ಜಿಬಿಯ ಮಿಂಟ್ ಇಳಿಸುವುದುಂಟೇ? ಪುತ್ತೂರಿನಲ್ಲಿ ಒಬ್ಬ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದರೆ ಇಡೀ ಊರಿಗೆ ಸಾಕು, ಕದ್ದ ಹಾಗೂ ಅಲ್ಲ. ಆಟಿ ತಿಂಗಳ ಮಳೆಗೆ ಕರೆಂಟು ಹೋಗಿ ಬ್ಯಾಟರಿ ಮುಗಿಯುತ್ತಾ ಬಂದಾಗ ಮಿಂಟ್ ತಾನಾಗಿ ಅಪ್‌ಡೇಟಿಗೆ ಕೂರುವುದೂ ಇಲ್ಲ. ನೀನು ಹೇಳಬೇಕು.

ಕನ್ನಡ ಟೈಪ್ ಮಾಡಲು ಬೇರೇನೂ ಹುಡುಕಬೇಡ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡದ ಕೆಳಗೆ ‘ಕಗಪ’ ಆರಿಸಿದರಾಯಿತು. ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಹಾಕಿಕೊಟ್ಟ ದಾರಿ ಅದು.

ತೊಂದರೆ ಇಲ್ಲವೆಂದಲ್ಲ. ನೀನು ಬಿಕಾಂ, ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು. ಅದನ್ನು ಕಾಲೇಜಿನ ಲ್ಯಾಬಿನಲ್ಲೇ ಕಲಿಯಬೇಕಾದೀತು. ಯೂನಿಕೋಡ್ ಅಲ್ಲದ ಹಳೆ ನುಡಿ ಫೈಲು ತೆರೆದರೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ, ಪರಿವರ್ತಿಸಿಕೊಳ್ಳಬೇಕು. ಕೆಲವು ಪ್ರಿಂಟರುಗಳು ಜಪ್ಪಯ್ಯ ಅಂದರೂ ಕೇಳುವುದಿಲ್ಲ. ಮದುವೆ ಕಾಗದ ಮಾಡುವ ಡಿಟಿಪಿಯವರಿಗೆ ನಾನಂತೂ ಲಿನಕ್ಸ್ ಹಾಕಿ ಎನ್ನಲಾರೆ.

ಹಾಗಾಗಿ ಒಮ್ಮೆಲೇ ಹಾರಬೇಡ. ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿದರೆ ಹಾರ್ಡ್‌ಡಿಸ್ಕಿನಲ್ಲಿದ್ದದ್ದು ಇದ್ದ ಹಾಗೇ ಇದ್ದು ಮಿಂಟ್ ತೆರೆದುಕೊಳ್ಳುತ್ತದೆ. ಸ್ಕ್ರೀನಿನಲ್ಲಿ ‘ಇನ್‌ಸ್ಟಾಲ್’ ಎಂಬ ಚಿತ್ರ ಕಾಣುತ್ತದೆ, ಅದನ್ನು ಮುಟ್ಟದೆ ವೈಫೈ, ಸ್ಪೀಕರ್, ಕ್ಯಾಮೆರಾ ಸರಿಯಿವೆಯೇ ನೋಡು. ಅಣ್ಣನ ಮದುವೆ ಫೋಟೋ ಅದರಲ್ಲೇ ಇವೆಯಂತಲ್ಲ, ಮೊದಲು ಅವನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೋ. ‘ಎರೇಸ್ ಡಿಸ್ಕ್’ ಅನ್ನುವಲ್ಲಿ ಹೂಂ ಅಂದರೆ ಒಂದೂ ಉಳಿಯದು, ಆಮೇಲೆ ಅತ್ತಿಗೆಗೆ ನೀನೇ ಉತ್ತರ ಹೇಳಬೇಕು.

ನವರಾತ್ರಿ ರಜೆಗೆ ಸುಳ್ಯಕ್ಕೆ ಬಾ. ಪೆನ್‌ಡ್ರೈವ್ ನನ್ನಲ್ಲಿದೆ, ಚಾರ್ಜರ್ ನೀನು ತಾ.

ಇಂತಿ,
ನಿನ್ನ ಮಾವ