ರಜೆಯ ಪ್ರಯಾಣದಲ್ಲಿ ಮಗಳಿಗೆ ವಾಂತಿ: ಏನು ಮಾಡಲಿ?

ಪ್ರಶ್ನೆ: ನಾವು ನಂದವರಂನವರು. ಬೇಸಿಗೆ ರಜೆಯಲ್ಲಿ ಎಮ್ಮಿಗನೂರು, ಆದೋನಿ ದಾರಿಯಾಗಿ ಬಳ್ಳಾರಿಯ ಅಕ್ಕನ ಮನೆಗೆ, ಅಲ್ಲಿಂದ ರಾಯಚೂರಿನ ಗೆಳತಿಯ ಮನೆಗೆ ಕಾರಿನಲ್ಲಿ ಹೋಗಬೇಕು. 7 ವರ್ಷದ ಮಗಳು ಕಾರು ಹತ್ತಿದ ಅರ್ಧ ಗಂಟೆಗೇ ವಾಂತಿ ಮಾಡಿಕೊಳ್ಳುತ್ತಾಳೆ. ಮಾತ್ರೆ ಕೊಡಬಹುದೇ?

ವೈದ್ಯರ ಉತ್ತರ: ಕೊಡಬಹುದಮ್ಮ, ಆದರೆ ಅಂಗಡಿಯಲ್ಲಿ ಕೇಳಿ ತರಬೇಡಿ. ಪ್ರೊಮೆಥಜಿನ್‌ನಂಥ ಔಷಧದ ಪ್ರಮಾಣವನ್ನು ಮಗುವಿನ ವಯಸ್ಸು, ತೂಕ ನೋಡಿ ಮಕ್ಕಳ ವೈದ್ಯರೇ ಬರೆಯಬೇಕು. ಹೊರಡುವ ಮೊದಲೇ ಕೊಡಬೇಕು. ನಿದ್ದೆ ಬರುವುದು ಸಹಜ. ಮನೆಯಲ್ಲಿ ಆಂಡಾನ್ಸೆಟ್ರಾನ್ ಸಿರಪ್ ಇದ್ದರೂ ಅದು ಪ್ರಯಾಣದ ವಾಂತಿಗೆ ಅಷ್ಟಾಗಿ ಫಲ ಕೊಡದು.

ಮೊದಲು ಇವನ್ನು ಮಾಡಿ ನೋಡಿ. ಬಿಸಿಲೇರುವ ಮುನ್ನ ಹೊರಡಿ. ಒಂದೆರಡು ಇಡ್ಲಿ ಸಾಕು. ಮಿರ್ಚಿ ಬಜ್ಜಿ, ಹೊಟ್ಟೆ ತುಂಬ ಹಾಲು ಬೇಡ. ಹಿಂದಿನ ಸೀಟಿನಲ್ಲಿ, ಮುಂದಿನ ರಸ್ತೆ ಕಾಣುವಂತೆ, ಬೆಲ್ಟ್ ಹಾಕಿ ಕೂರಿಸಿ. ಮೊಬೈಲ್, ಪುಸ್ತಕ ಕೊಡಬೇಡಿ. ಕಾರಿನೊಳಗೆ ಸುಗಂಧದ ಡಬ್ಬಿ ಇದ್ದರೆ ತೆಗೆದುಬಿಡಿ. ಎಮ್ಮಿಗನೂರಿನಲ್ಲಿ, ಆದೋನಿಯಲ್ಲಿ ಇಳಿಸಿ ನೆರಳಲ್ಲಿ ಸ್ವಲ್ಪ ನಡೆಸಿ.

ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಓಆರ್‌ಎಸ್ ನೀರನ್ನು ಚಮಚದಲ್ಲಿ ಕುಡಿಸಿ. 1 ಲೀಟರಿನ ಪೊಟ್ಟಣವನ್ನು ಪೂರ್ತಿ 1 ಲೀಟರ್ ಕುಡಿಯುವ ನೀರಿಗೇ ಕಲಸಿ. ನಿಂತ ಕಾರಿನಲ್ಲಿ ಮಗುವನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ.

ಇಳಿದ ಮೇಲೂ ವಾಂತಿ ನಿಲ್ಲದಿದ್ದರೆ, 8 ಗಂಟೆ ಮೂತ್ರವಾಗದಿದ್ದರೆ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಿ. ಮೈ ಸುಡುತ್ತಾ ಮಂಕಾದರೆ 108ಕ್ಕೆ ಕರೆ ಮಾಡಿ. ಆಂಧ್ರ, ಕರ್ನಾಟಕ ಎರಡರಲ್ಲೂ ಅದೇ ಸಂಖ್ಯೆ. ಪ್ರಯಾಣವಿಲ್ಲದ ದಿನವೂ ಬೆಳಗಿನ ತಲೆನೋವಿನೊಂದಿಗೆ ವಾಂತಿ ಬರುತ್ತಿದ್ದರೆ, ಹೊರಡುವ ಮೊದಲೇ ಮಕ್ಕಳ ವೈದ್ಯರಿಗೆ ತೋರಿಸಿ.