ಪುಣೆಯಲ್ಲಿ ಮೊದಲ ಮನೆ: ನೆಲಕ್ಕೆಷ್ಟು, ಕಟ್ಟಡಕ್ಕೆಷ್ಟು?

ಪುಣೆಯಲ್ಲಿ ನಿವೇಶನ ಕೊಂಡು ಸ್ವಂತ ಮನೆ ಕಟ್ಟಿಸಲು ಹೊರಟಿರುವ ಕನ್ನಡ ಕುಟುಂಬಗಳಿಗೆ ಈ ಸೂಚನೆ.

ಮೂಲ ನಿಯಮ ಒಂದೇ. ಲೆಕ್ಕವನ್ನು ನಿವೇಶನದ ಬೆಲೆಯಿಂದ ಶುರು ಮಾಡಬೇಡಿ, ಅಲ್ಲಿಗೆ ತಂದು ಮುಗಿಸಿ. ಒಟ್ಟು ಹಣದಲ್ಲಿ ಮನೆಗೆ ಬೇಕಾದ್ದನ್ನೆಲ್ಲ ಕಳೆದ ಮೇಲೆ ಉಳಿಯುವುದೆಷ್ಟೋ ಅಷ್ಟೇ ನೆಲಕ್ಕೆ ಕೊಡಬಹುದಾದ ಬೆಲೆ. ಉಳಿತಾಯವನ್ನೆಲ್ಲ ನೆಲಕ್ಕೆ ಸುರಿದವರ ಮನೆ ಪಾಯದಲ್ಲೋ ಮೊದಲ ಸ್ಲ್ಯಾಬಿನಲ್ಲೋ ನಿಂತುಹೋಗುತ್ತದೆ. ಬಾಡಿಗೆ, ಬಡ್ಡಿ ಮಾತ್ರ ನಿಲ್ಲುವುದಿಲ್ಲ.

1. ಒಟ್ಟು ಲೆಕ್ಕ

ಮಾಡಬೇಕಾದ್ದು

• ಕೆಳಗಿನ ಉದಾಹರಣೆಯಂತೆ ಲೆಕ್ಕ ಬರೆಯಿರಿ. ಇಲ್ಲಿನ ಅಂಕಿಗಳು ದಾರಿ ತೋರಿಸಲು ಮಾತ್ರ. ನಿಮ್ಮ ದರಗಳನ್ನು ನೀವೇ ವಿಚಾರಿಸಿ ತುಂಬಿ. ಉಳಿತಾಯ 35 ಲಕ್ಷ, ಸಾಲ 65 ಲಕ್ಷ, ಒಟ್ಟು 1 ಕೋಟಿ ಎಂದುಕೊಳ್ಳಿ. 1,200 ಚದರಡಿಯ ಮನೆಗೆ ಚದರಡಿಗೆ 2,500 ರೂಪಾಯಿಯಂತೆ 30 ಲಕ್ಷ. ಕಾಂಪೌಂಡು, ಸಂಪು, ಕೊಳವೆಬಾವಿ, ವಿದ್ಯುತ್ ಮೀಟರಿಗೆ 5 ಲಕ್ಷ. ವಾಸ್ತುಶಿಲ್ಪಿ, ಸ್ಟ್ರಕ್ಚರಲ್ ಎಂಜಿನಿಯರ್, ನಕ್ಷೆ ಮಂಜೂರಾತಿಗೆ 4 ಲಕ್ಷ. ಕಟ್ಟುವ ಅವಧಿಯ ಬಾಡಿಗೆ ಮತ್ತು ಬಡ್ಡಿಗೆ 6 ಲಕ್ಷ. ಆಪದ್ಧನ 4 ಲಕ್ಷ. ಇಷ್ಟಕ್ಕೆ 49 ಲಕ್ಷವಾಯಿತು. ಉಳಿದದ್ದು 51 ಲಕ್ಷ.

• ಆ 51 ಲಕ್ಷವೂ ನೆಲದ ಬೆಲೆಯಲ್ಲ. ಪುಣೆ ಮತ್ತು ಪಿಂಪ್ರಿ-ಚಿಂಚ್‌ವಡ್ ಮಹಾನಗರ ಪಾಲಿಕೆಗಳ ವ್ಯಾಪ್ತಿಯಲ್ಲಿ ಸ್ಥಳೀಯ ಸಂಸ್ಥೆಯ ಕರ, ಮೆಟ್ರೊ ಸೆಸ್ ಸೇರಿ ಮುದ್ರಾಂಕ ಶುಲ್ಕ ಶೇ 7. ನೋಂದಣಿ ಶುಲ್ಕ ಶೇ 1, ಗರಿಷ್ಠ 30,000 ರೂಪಾಯಿ. ವಕೀಲರಿಗೂ ಅಳತೆಗೂ 50,000 ಇಡಿ. ಇವೆಲ್ಲ ಕಳೆದರೆ ನಿವೇಶನದ ಬೆಲೆ 47 ಲಕ್ಷ ಮುಟ್ಟುವಂತಿಲ್ಲ.

• ಕಟ್ಟಡದ ವೆಚ್ಚದ ಕನಿಷ್ಠ ಶೇ 10ರಷ್ಟನ್ನು ಆಪದ್ಧನವಾಗಿ ಬೇರೆ ಖಾತೆಯಲ್ಲಿಡಿ.

ಮಾಡಬಾರದ್ದು

• ಮಾರುವವರ ಬೆಲೆಗೇ ಮುದ್ರಾಂಕ ಶುಲ್ಕ ಲೆಕ್ಕ ಹಾಕಬೇಡಿ. ಒಪ್ಪಂದದ ಬೆಲೆ, ಸರ್ಕಾರದ ರೆಡಿ ರೆಕನರ್ ದರದ ಮೌಲ್ಯ, ಇವೆರಡರಲ್ಲಿ ಹೆಚ್ಚಿನದಕ್ಕೆ ಶುಲ್ಕ ಬೀಳುತ್ತದೆ.

• ಮಹಿಳೆಯರಿಗಿರುವ ಶೇ 1ರ ರಿಯಾಯಿತಿಯನ್ನು ಖಾಲಿ ನಿವೇಶನಕ್ಕೆ ಹಿಡಿಯಬೇಡಿ. ಅದು ಕಟ್ಟಿದ ಮನೆ, ಫ್ಲ್ಯಾಟು ಕೊಳ್ಳುವವರಿಗೆ ಕೊಟ್ಟದ್ದು.

• ಮಕ್ಕಳ ಓದಿನ ಹಣ, ಆರೋಗ್ಯಕ್ಕಿಟ್ಟ ಹಣವನ್ನು ಈ ಲೆಕ್ಕಕ್ಕೆ ಎಳೆಯಬೇಡಿ.

2. ನೆಲ

ಎಚ್ಚರ ಹೆಚ್ಚು ಬೇಕಾದದ್ದು ಇಲ್ಲೇ. 2025ರ ಮೇ 17ರಂದು ಪಿಂಪ್ರಿ-ಚಿಂಚ್‌ವಡ್ ಪಾಲಿಕೆ ಚಿಖಲಿಯಲ್ಲಿ ಇಂದ್ರಾಯಣಿ ನದಿಯ ನೀಲಿ ಪ್ರವಾಹ ರೇಖೆಯೊಳಗಿದ್ದ 36 ಬಂಗಲೆಗಳನ್ನು ಕೆಡವಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2024ರ ಜುಲೈಯಲ್ಲಿ ಕೊಟ್ಟ ಆದೇಶ ಸುಪ್ರೀಂ ಕೋರ್ಟಿನಲ್ಲೂ ನಿಂತಿತ್ತು. ನೆಲಕ್ಕೆ ಹಾಕಿದ ಹಣ, ಗೋಡೆಗೆ ಹಾಕಿದ ಹಣ ಎರಡೂ ಒಂದೇ ದಿನ ಹೋದವು. ನೆಲ ನಿಮ್ಮದಾದ ಮಾತ್ರಕ್ಕೆ ಅದರ ಮೇಲೆ ಮನೆ ಕಟ್ಟುವ ಹಕ್ಕೂ ನಿಮ್ಮದಾಗುವುದಿಲ್ಲ. ಇದನ್ನು ಮನೆಮಂದಿಯೆಲ್ಲ ಮನದಟ್ಟು ಮಾಡಿಕೊಳ್ಳಿ.

ಮಾಡಬೇಕಾದ್ದು

• ಮುಂಗಡ ಕೊಡುವ ಮೊದಲೇ ಸಾತ್-ಬಾರಾ ಉತಾರೆ ತೆಗೆಸಿ. ನಮ್ಮ ಪಹಣಿಯ ಕೆಲಸವನ್ನು ಮಹಾರಾಷ್ಟ್ರದಲ್ಲಿ ಮಾಡುವ ದಾಖಲೆ ಅದು. ನಗರ ಸರ್ವೆ ಆದ ಕಡೆ ಪ್ರಾಪರ್ಟಿ ಕಾರ್ಡು ಕೇಳಿ. ‘ಇತರ ಹಕ್ಕು’ಗಳ ಕಾಲಮನ್ನು ಬಿಡದೆ ಓದಿ: ಬ್ಯಾಂಕಿನ ಬೋಜಾ, ಗೇಣಿದಾರರ ಹಕ್ಕು, ದಾವೆ, ಸ್ವಾಧೀನದ ನೋಟಿಸು ಅಲ್ಲಿ ಕಾಣುತ್ತವೆ. ‘ಭೋಗವಟದಾರ ವರ್ಗ 2’ ಎಂದಿದ್ದರೆ ಸರ್ಕಾರದ ಅನುಮತಿಯಿಲ್ಲದೆ ಆ ನೆಲ ಕೈ ಬದಲಾಯಿಸುವಂತಿಲ್ಲ.

• ಫೇರ್‌ಫಾರ್ (ಹಕ್ಕು ಬದಲಾವಣೆಯ) ನಮೂದುಗಳನ್ನೂ ನೋಂದಣಿ ಇಲಾಖೆಯ ಇಂಡೆಕ್ಸ್-2 ದಾಖಲೆಗಳನ್ನೂ ವಕೀಲರಿಂದ ಹಿಂದಿನ 30 ವರ್ಷಗಳವರೆಗೆ ಶೋಧಿಸಿ ಲಿಖಿತ ವರದಿ ಪಡೆಯಿರಿ. ವಕೀಲರನ್ನು ನೀವೇ ಗೊತ್ತುಮಾಡಿ. ಮಾರುವವರು ತೋರಿಸಿದ ವಕೀಲರು ಬೇಡ.

• ಆ ಸರ್ವೆ ನಂಬರ್ ಯಾವ ವಲಯದಲ್ಲಿದೆ ಎಂಬ ಲಿಖಿತ ದಾಖಲೆಯನ್ನು ಪಾಲಿಕೆಯಿಂದ, ಹೊರವಲಯವಾದರೆ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದಿಂದ ಪಡೆಯಿರಿ. ಐದು ಪ್ರಶ್ನೆ ಕೇಳಿ. ನದಿಯ ನೀಲಿ, ಕೆಂಪು ರೇಖೆಗಳ ಒಳಗಿದೆಯೇ? ನೀಲಿ ರೇಖೆ 25 ವರ್ಷಕ್ಕೊಮ್ಮೆ, ಕೆಂಪು ರೇಖೆ 100 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟ. ಗುಡ್ಡದ ಇಳಿಜಾರಿನಲ್ಲೋ ಜೀವವೈವಿಧ್ಯ ಉದ್ಯಾನದ ಮೀಸಲಿನಲ್ಲೋ ಇದೆಯೇ? ದೇಹೂ ರೋಡ್, ದಿಘಿ ಕಡೆಯ ಸೇನಾ ಡಿಪೊಗಳ ರೆಡ್ ಝೋನ್‌ಗೆ ಬೀಳುತ್ತದೆಯೇ? ಲೋಹಗಾಂವ್ ವಿಮಾನ ನಿಲ್ದಾಣದ ಎತ್ತರದ ಮಿತಿ ತಾಗುತ್ತದೆಯೇ? ವರ್ತುಲ ರಸ್ತೆಗೋ ಪುರಂದರ ವಿಮಾನ ನಿಲ್ದಾಣಕ್ಕೋ ಗುರುತಿಸಿದ ನೆಲವೇ?

• ಲೇಔಟಿನ ನಿವೇಶನವಾದರೆ ಮಂಜೂರಾದ ಲೇಔಟ್ ನಕ್ಷೆ, ಕೃಷಿಯೇತರ (ಎನ್‌ಎ) ಬಳಕೆಯ ದಾಖಲೆ, ಮಹಾರೇರಾ ನೋಂದಣಿ ಸಂಖ್ಯೆ ಮೂರನ್ನೂ ಕೇಳಿ. 500 ಚದರ ಮೀಟರ್, 8 ನಿವೇಶನ ಎಂಬ ಎರಡೂ ಮಿತಿ ದಾಟಿದ ಲೇಔಟಿಗೆ ಈ ನೋಂದಣಿ ಕಡ್ಡಾಯ. ಸಂಖ್ಯೆಯನ್ನು ಮಹಾರೇರಾ ಜಾಲತಾಣದಲ್ಲಿ ನೀವೇ ಹುಡುಕಿ ನೋಡಿ.

• ಭೂಮಾಪನ ಇಲಾಖೆಯಿಂದ ಮೋಜಣಿ ಮಾಡಿಸಿ. ಗಡಿಕಲ್ಲುಗಳು ನಿಮ್ಮ ಕಣ್ಣೆದುರು ಬೀಳಲಿ.

• ಮಾರುವವರ ಒಪ್ಪಿಗೆ ಪಡೆದು ಒಂದು ಪರೀಕ್ಷಾ ಗುಂಡಿ ತೋಡಿಸಿ. ಪುಣೆ ದಖ್ಖನಿನ ಕಪ್ಪುಶಿಲೆಯ ಮೇಲಿರುವ ಊರು. ಕೆಲವೆಡೆ ಎರಡಡಿಗೇ ಬಂಡೆ ಸಿಗುತ್ತದೆ, ಅದನ್ನು ಬ್ರೇಕರಿನಿಂದ ಒಡೆಸಬೇಕು. ನದಿ ಬಯಲಿನ ಕಡೆ ಎರೆಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನಲ್ಲಿ ಪಾಯವನ್ನು ಗಟ್ಟಿ ಮುರುಮಿನವರೆಗೆ ಇಳಿಸಬೇಕು. ಎರಡರಲ್ಲಿ ಯಾವುದಾದರೂ ಖರ್ಚು ನಿಮ್ಮದೇ. ಚೌಕಾಸಿಯಲ್ಲಿ ಅದನ್ನು ಬೆಲೆಯಿಂದ ಇಳಿಸಿ.

• ನೀರು ಎಲ್ಲಿಂದ ಬರುತ್ತದೆ ಎಂದು ಅಕ್ಕಪಕ್ಕದ ಮನೆಯವರನ್ನು ಬೇಸಿಗೆಯಲ್ಲಿ ಕೇಳಿ. ಪುಣೆ ಪಾಲಿಕೆಗೆ 2017ರಲ್ಲಿ 11, 2021ರಲ್ಲಿ 23 ಹಳ್ಳಿಗಳು ಸೇರಿದವು. ಹಳ್ಳಿ ಪಾಲಿಕೆಗೆ ಸೇರಿತು ಎಂದರೆ ಮನೆಬಾಗಿಲಿಗೆ ಕೊಳವೆ ಬಂತು ಎಂದರ್ಥವಲ್ಲ. ಟ್ಯಾಂಕರು ತರಿಸಬೇಕಾದರೆ ಅದೂ ತಿಂಗಳ ಖರ್ಚಿಗೆ ಸೇರಲಿ.

ಮಾಡಬಾರದ್ದು

• ಕರ್ನಾಟಕದ ನಿಯಮವನ್ನು ಇಲ್ಲಿಗೆ ತರಬೇಡಿ. ಕರ್ನಾಟಕ 2020ರ ತಿದ್ದುಪಡಿಯಲ್ಲಿ 79ಎ, 79ಬಿ ಕಲಮುಗಳನ್ನು ತೆಗೆದು ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳಲು ಅವಕಾಶ ಕೊಟ್ಟಿತು. ಮಹಾರಾಷ್ಟ್ರದಲ್ಲಿ 1948ರ ಗೇಣಿ ಕಾಯ್ದೆಯ 63ನೇ ಕಲಮಿನಂತೆ ಕೃಷಿಕರಲ್ಲದವರು ಅನುಮತಿಯಿಲ್ಲದೆ ಕೃಷಿಭೂಮಿ ಕೊಳ್ಳುವಂತಿಲ್ಲ. ‘ಆಮೇಲೆ ಎನ್‌ಎ ಮಾಡಿಸಿಕೊಡುತ್ತೇವೆ’ ಎಂಬ ಮಾತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

• ಗುಂಟೆ ಲೆಕ್ಕದ ಅವಿಭಜಿತ ಪಾಲು ಕೊಳ್ಳಬೇಡಿ. 1 ಗುಂಟೆ 1,089 ಚದರಡಿ. ಕಡಿಮೆ ಬೆಲೆಗೆ ಸಿಗುತ್ತದೆ ಎಂಬ ಆಸೆ ಸಹಜ. ಆದರೆ ಹತ್ತಾರು ಹೆಸರುಗಳ ನಡುವೆ ಒಂದು ಹೆಸರಾಗಿ ಸೇರಿದರೆ ಯಾವ ಮೂಲೆ ನಿಮ್ಮದೆಂದು ಕಾಗದ ಹೇಳುವುದಿಲ್ಲ. ನಕ್ಷೆ ಮಂಜೂರಾಗುವುದಿಲ್ಲ, ಸಾಲವೂ ಹುಟ್ಟುವುದಿಲ್ಲ.

• ನೋಟರಿ ಪತ್ರ, ಜನರಲ್ ಪವರ್ ಆಫ್ ಅಟಾರ್ನಿ ನಂಬಿ ಹಣ ಕೊಡಬೇಡಿ. ಅಂಥ ಪತ್ರಗಳಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ.

• ಬೆಲೆಯ ಒಂದು ಭಾಗವನ್ನು ನಗದಾಗಿ ಕೊಡಬೇಡಿ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಶೇ 1 ಟಿಡಿಎಸ್ ಹಿಡಿದು ಕಟ್ಟುವ ಹೊಣೆ ಕೊಳ್ಳುವವರದೇ. ಅದು ಬೆಲೆಯೊಳಗಿನ ಹಣ, ಹೆಚ್ಚುವರಿ ಖರ್ಚಲ್ಲ.

3. ಸಾಲ

ಮಾಡಬೇಕಾದ್ದು

• ಬ್ಯಾಂಕಿನಿಂದ ನಿವೇಶನ ಮತ್ತು ಕಟ್ಟಡ ಎರಡಕ್ಕೂ ಸೇರಿ ಒಂದೇ ಮಂಜೂರಾತಿ ಕೇಳಿ. ನಿವೇಶನಕ್ಕೆ ಮಾತ್ರ ಸಾಲ ತೆಗೆದು, ಕಟ್ಟುವಾಗ ಅರ್ಹತೆ ಸಾಲದೆ ಒದ್ದಾಡುವ ಸ್ಥಿತಿ ಬರಬಾರದು.

• ರಿಸರ್ವ್ ಬ್ಯಾಂಕಿನ ಮಿತಿ ತಿಳಿದಿರಲಿ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲ ಆಸ್ತಿ ಮೌಲ್ಯದ ಶೇ 80 ದಾಟುವಂತಿಲ್ಲ, 75 ಲಕ್ಷದ ಮೇಲೆ ಶೇ 75. ಮುದ್ರಾಂಕ, ನೋಂದಣಿ ಆ ಮೌಲ್ಯಕ್ಕೆ ಸೇರುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ನೆಲ, ಕಟ್ಟಡ, ಹೊರಗಿನ ಕೆಲಸ ಸೇರಿ ಸುಮಾರು 82 ಲಕ್ಷ. 65 ಲಕ್ಷದ ಸಾಲ ಮಿತಿಯ ಅಂಚಿಗೇ ಬಂದು ನಿಲ್ಲುತ್ತದೆ.

ಮಾಡಬಾರದ್ದು

• ಬ್ಯಾಂಕ್ ಸಾಲ ಕೊಟ್ಟಿತು ಎಂದು ನಿಮ್ಮ ವಕೀಲರ ಶೋಧವನ್ನು ಕೈಬಿಡಬೇಡಿ. ಬ್ಯಾಂಕ್ ನೋಡುವುದು ತನ್ನ ಹಣದ ಭದ್ರತೆಯನ್ನು.

• ಸಾಲಕ್ಕೆ ಬೇಕಾದ ಸ್ವಂತ ಪಾಲು ತುಂಬಿಸಲು ವೈಯಕ್ತಿಕ ಸಾಲ, ಚಿನ್ನದ ಸಾಲ ತೆಗೆಯಬೇಡಿ.

4. ಗುತ್ತಿಗೆ

ಮಾಡಬೇಕಾದ್ದು

• ಚದರಡಿ ದರದಲ್ಲಿ ಏನೇನು ಸೇರಿದೆ ಎಂಬುದನ್ನು ಬರೆಸಿಕೊಳ್ಳಿ: ಸಿಮೆಂಟು, ಕಬ್ಬಿಣದ ದರ್ಜೆ, ಇಟ್ಟಿಗೆಯೋ ಬ್ಲಾಕೋ, ಬಾಗಿಲು, ನಲ್ಲಿ, ವೈರು, ಟೈಲ್ಸಿನ ಬೆಲೆ. ಬಾಲ್ಕನಿ, ಮೆಟ್ಟಿಲು, ಟೆರೇಸುಗಳನ್ನು ಅಳತೆಗೆ ಹೇಗೆ ಹಿಡಿಯುತ್ತಾರೆ ಎಂಬುದೂ ಇರಲಿ. ಜಿಎಸ್‌ಟಿ ಒಳಗೋ ಹೊರಗೋ ಕೇಳಿ.

• ಹಣವನ್ನು ಹಂತಕ್ಕೆ ಕಟ್ಟಿಹಾಕಿ: ಪಾಯ, ಪ್ಲಿಂತ್, ಸ್ಲ್ಯಾಬ್, ಗೋಡೆ, ಗಾರೆ, ಕೊನೆಯ ಕೆಲಸ. ಎಂಜಿನಿಯರ್ ಸಹಿ ಬಿದ್ದ ಮೇಲೆ ಕಂತು. ಪ್ರತಿ ಬಿಲ್ಲಿನಲ್ಲಿ ಶೇ 5 ತಡೆಹಿಡಿದು, ಒಂದು ಮಳೆಗಾಲ ಕಳೆದ ಮೇಲೆ ಕೊಡಿ.

• ಸಾಮಾನ್ಯ ಮನೆಗೆ 1,000 ಚದರಡಿಗೆ ಸುಮಾರು 400 ಚೀಲ ಸಿಮೆಂಟು, 3.5ರಿಂದ 4 ಟನ್ ಕಬ್ಬಿಣ ಎಂಬ ವಾಡಿಕೆ ಲೆಕ್ಕ ಕೈಯಲ್ಲಿರಲಿ. ಬಿಲ್ಲು ಇದರಿಂದ ಬಹಳ ದೂರ ಹೋದರೆ ಕಾರಣ ಕೇಳಿ.

ಮಾಡಬಾರದ್ದು

• ನಮ್ಮ ಊರಿನವರು, ನಮ್ಮ ಭಾಷೆಯವರು ಎಂದು ಬಾಯಿಮಾತಿನ ಗುತ್ತಿಗೆ ಕೊಡಬೇಡಿ. ಪುಣೆಯ ಕಟ್ಟಡಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಶ್ರಮಿಕರ ಬೆವರಿದೆ. ಅವರ ದುಡಿಮೆಗೆ ಗೌರವ ಕೊಡುವ ರೀತಿಯೆಂದರೆ ಕೂಲಿ ತಡವಾಗದಂತೆ, ಹೆಲ್ಮೆಟು, ಗಟ್ಟಿ ಅಟ್ಟಣಿಗೆ ಇರುವಂತೆ ಒಪ್ಪಂದದಲ್ಲೇ ಬರೆಸುವುದು.

• ಕೆಲಸ ಮುಂದಿದೆ, ಹಣ ಹಿಂದಿದೆ ಎಂಬ ಸ್ಥಿತಿಯನ್ನು ತಿರುಗಿಸಬೇಡಿ. ಮುಂಗಡ ಹೆಚ್ಚಾದಷ್ಟೂ ನಿಮ್ಮ ಹಿಡಿತ ಸಡಿಲ.

5. ಕಟ್ಟುವಾಗ

ಮಾಡಬೇಕಾದ್ದು

• ಮಂಜೂರಾದ ನಕ್ಷೆ ಮತ್ತು ಕಾಮಗಾರಿ ಆರಂಭದ ಪ್ರಮಾಣಪತ್ರ ಕೈಗೆ ಬಂದ ಮೇಲೆಯೇ ಗುದ್ದಲಿ ಹಾಕಿ. ಪಾಯವನ್ನು ಜೂನ್ ಮಳೆಗೆ ಮೊದಲು ಮುಗಿಸುವಂತೆ ದಿನ ಗೊತ್ತುಮಾಡಿ.

• ಸ್ಟ್ರಕ್ಚರಲ್ ಎಂಜಿನಿಯರ್ ಪ್ರತಿ ಸ್ಲ್ಯಾಬಿನ ಕಬ್ಬಿಣ ನೋಡಿ ಒಪ್ಪಿದ ಮೇಲೆ ಕಾಂಕ್ರೀಟ್ ಬೀಳಲಿ. ಕೊಯ್ನಾ ಭೂಕಂಪ 1967ರ ಡಿಸೆಂಬರ್ 11ರಂದು ನಡೆದದ್ದು ಇದೇ ಪಶ್ಚಿಮ ಮಹಾರಾಷ್ಟ್ರದಲ್ಲಿ.

• ಕ್ಯೂರಿಂಗಿಗೆ ಬೇಕಾದ ನೀರಿನ ಖರ್ಚು ಮೊದಲೇ ತೆಗೆದಿಡಿ. ಬಿಸಿಲಿನ ದಿನಗಳಲ್ಲಿ ಸಾಮಾನ್ಯ ಸಿಮೆಂಟಿಗೆ 10 ದಿನ, ಹಾರುಬೂದಿ ಬೆರೆಸಿದ ಸಿಮೆಂಟಿಗೆ 14 ದಿನ ನೀರುಣಿಸಿ.

ಮಾಡಬಾರದ್ದು

• ಪಾಯ, ಕಬ್ಬಿಣ, ನೀರುಸೋರಿಕೆ ತಡೆ, ವೈರಿಂಗ್, ಈ ನಾಲ್ಕರಲ್ಲಿ ಉಳಿತಾಯ ಹುಡುಕಬೇಡಿ. ಹಣ ಕಡಿಮೆ ಬಿದ್ದರೆ ಮಾಡ್ಯುಲರ್ ಅಡುಗೆಮನೆ, ಫಾಲ್ಸ್ ಸೀಲಿಂಗ್, ಗೇಟಿನ ಅಲಂಕಾರವನ್ನು ಮುಂದಕ್ಕೆ ಹಾಕಿ. ಅವನ್ನು ಎರಡು ವರ್ಷ ಬಿಟ್ಟೂ ಮಾಡಿಸಬಹುದು. ಪಾಯವನ್ನು ಆಮೇಲೆ ಸರಿಪಡಿಸಲಾಗದು.

• ಸ್ಲ್ಯಾಬ್ ಬಿದ್ದ ಮೇಲೆ ನಕ್ಷೆ ಬದಲಿಸಬೇಡಿ. ಮಂಜೂರಾತಿ ಮೀರಿ ಒಂದು ಕೋಣೆಯನ್ನೂ ಏರಿಸಬೇಡಿ.

• ಭೋಗವಟಾ ಪ್ರಮಾಣಪತ್ರ ಕೈಗೆ ಬರುವ ಮೊದಲು ಗೃಹಪ್ರವೇಶದ ದಿನ ಗೊತ್ತುಮಾಡಬೇಡಿ, ಗುತ್ತಿಗೆದಾರರ ಮತ್ತು ವಾಸ್ತುಶಿಲ್ಪಿಯ ಕೊನೆಯ ಕಂತನ್ನೂ ಕೊಡಬೇಡಿ. ವಾಸಕ್ಕೆ ಯೋಗ್ಯ ಎಂದು ಪಾಲಿಕೆ ಅಥವಾ ಪ್ರಾಧಿಕಾರ ಹೇಳುವುದು ಆ ಒಂದು ಕಾಗದದಲ್ಲಿ. ಅದು ಸಿಕ್ಕಿ, ತಡೆಹಿಡಿದ ಶೇ 5ನ್ನೂ ಕೊಟ್ಟ ಮೇಲೆ ನಿಮ್ಮ ಲೆಕ್ಕದ ಪುಸ್ತಕ ಮುಚ್ಚಿ.