ಹೆಸರು ಹೇಳಿಸುವ ಅಧಿಕಾರ: ಸೇಲಂ ಮತ್ತು ಮೆಕಾರ್ಥಿ ಯುಗ

ಆರ್ಥರ್ ಮಿಲ್ಲರ್‌ನ 'ದಿ ಕ್ರೂಸಿಬಲ್' ನಾಟಕವು 1953ರ ಜನವರಿಯಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ಬಂದಾಗ, ಅದರ ವಸ್ತುವಾದ 1692ರ ಸೇಲಂ ಮಾಟಗಾತಿ ವಿಚಾರಣೆಯು ಸಮಕಾಲೀನ ಅಮೆರಿಕದ ಕಮ್ಯುನಿಸ್ಟ್ ಬೇಟೆಯ ರೂಪಕವಾಗಿ ಓದಿಸಿಕೊಂಡಿತು. ಈ ರೂಪಕಕ್ಕೆ ಎದುರಾದ ಮುಖ್ಯ ಆಕ್ಷೇಪಣೆಯೆಂದರೆ, ಮಾಟಗಾತಿಯರು ಇರಲಿಲ್ಲ, ಕಮ್ಯುನಿಸ್ಟರು ಇದ್ದರು ಎಂಬುದು. ಇದರಲ್ಲಿ ಹುರುಳಿಲ್ಲದಿಲ್ಲ. ಸೋವಿಯತ್ ಗುಪ್ತ ಸಂದೇಶಗಳನ್ನು ಭೇದಿಸಿದ ವೆನೋನಾ ಕಡತಗಳು 1995ರಲ್ಲಿ ಬಹಿರಂಗಗೊಂಡ ಮೇಲೆ, ಅಮೆರಿಕದ ಸರ್ಕಾರಿ ವಲಯದಲ್ಲಿ ಗೂಢಚರ್ಯೆ ನಡೆದಿತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಸಾದೃಶ್ಯವನ್ನು ಅರಸಬೇಕಾದುದು ಆರೋಪದ ವಸ್ತುವಿನಲ್ಲಲ್ಲ, ವಿಚಾರಣೆಯ ಸಂರಚನೆಯಲ್ಲಿ.

ಸೇಲಂನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ವಿಚಾರಣೆಗೆ ಒಪ್ಪದ ಜೈಲ್ಸ್ ಕೋರಿ ಎಂಬ ಮುದುಕನನ್ನು ಕಲ್ಲು ಹೇರಿ ಕೊಲ್ಲಲಾಯಿತು. ಆರೋಪಿಯ ಛಾಯಾರೂಪವು ತನ್ನನ್ನು ಪೀಡಿಸಿತೆಂಬ ಹೇಳಿಕೆಯನ್ನೂ ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸಿತು. ದೇಹ ಬೇರೆಡೆ ಇತ್ತೆಂದು ಸಾಧಿಸಿದರೂ ಇಂತಹ ಸಾಕ್ಷ್ಯದ ಎದುರು ಪ್ರಯೋಜನವಿರಲಿಲ್ಲ. ತಪ್ಪೊಪ್ಪಿಗೆಗೆ ಅಂಟಿಕೊಂಡವರು ಗಲ್ಲಿನಿಂದ ಪಾರಾದರು, ಒಪ್ಪಿಗೆಯನ್ನು ಹಿಂತೆಗೆದುಕೊಂಡ ಸ್ಯಾಮ್ಯುಯೆಲ್ ವಾರ್ಡ್‌ವೆಲ್ ಗಲ್ಲಿಗೇರಿದ. ಆದರೆ ಒಪ್ಪಿಗೆಯು ನಂಬಿಕೆಗೆ ಅರ್ಹವಾಗಬೇಕಾದರೆ ಸಹಚರರ ಹೆಸರುಗಳೂ ಬೇಕಾಗಿದ್ದವು. ಆರೋಪಪಟ್ಟಿ ಬೆಳೆದದ್ದು ಹೀಗೆ.

ಎರಡೂವರೆ ಶತಮಾನದ ಬಳಿಕ ನೇಣಿನ ಜಾಗಕ್ಕೆ ನಿರುದ್ಯೋಗ ಮತ್ತು ಸೆರೆಮನೆಗಳು ಬಂದವು. ಅಧ್ಯಕ್ಷ ಟ್ರೂಮನ್‌ನ 1947ರ ನಿಷ್ಠಾ ಆಜ್ಞೆಯಲ್ಲಿ ನೌಕರನನ್ನು ವಜಾಗೊಳಿಸಲು ಅವನು ನಿಷ್ಠಾಹೀನನೆಂದು ನಂಬುವುದಕ್ಕೆ ಸಕಾರಣ ಬೇಕಿತ್ತು; 1951ರ ತಿದ್ದುಪಡಿಯ ನಂತರ ನಿಷ್ಠೆಯ ಬಗ್ಗೆ ಸಕಾರಣ ಸಂಶಯವಿದ್ದರೆ ಸಾಕಾಯಿತು. ಒಂದು ಪದದ ಪಲ್ಲಟದಿಂದ ಸಾಬೀತುಪಡಿಸುವ ಹೊರೆ ಆರೋಪಿಯ ಹೆಗಲೇರಿತು. ಪ್ರತಿನಿಧಿ ಸಭೆಯ ಅಮೆರಿಕ ವಿರೋಧಿ ಚಟುವಟಿಕೆಗಳ ಸಮಿತಿಯು (ಸೆನೆಟರ್ ಆಗಿದ್ದ ಮೆಕಾರ್ಥಿ ಇದರ ಸದಸ್ಯನಾಗಿರಲಿಲ್ಲ, ಯುಗಕ್ಕೆ ಮಾತ್ರ ಅವನ ಹೆಸರು ಅಂಟಿತು) ಇದೇ ತರ್ಕವನ್ನು ಮುಂದುವರಿಸಿತು. ಲೇಖಕಿ ಲಿಲಿಯನ್ ಹೆಲ್‌ಮನ್ 1952ರಲ್ಲಿ ತನ್ನ ಬಗ್ಗೆ ಏನನ್ನು ಬೇಕಾದರೂ ಹೇಳಲು ಸಿದ್ಧಳಿದ್ದಳು, ಇತರರ ಬಗ್ಗೆ ಅಲ್ಲ. ಸಮಿತಿ ಇದಕ್ಕೆ ಒಪ್ಪಲಿಲ್ಲ. ಸ್ವಂತದ ಬಗ್ಗೆ ಬಾಯಿ ತೆರೆದವರು ಸಂವಿಧಾನದ ಐದನೆಯ ತಿದ್ದುಪಡಿಯ ರಕ್ಷಣೆಯನ್ನು ಕಳೆದುಕೊಳ್ಳುತ್ತಿದ್ದರು. ಪೂರ್ಣ ಮೌನ ತಾಳಿದವರು ಕೆಲಸ ಕಳೆದುಕೊಳ್ಳುತ್ತಿದ್ದರು. ನಿರ್ದೇಶಕ ಎಲಿಯಾ ಕಜಾನ್ ಅದೇ ವರ್ಷ ತನ್ನ ಎಂಟು ಹಳೆಯ ಸಂಗಾತಿಗಳ ಹೆಸರು ಹೇಳಿದ. ಇಂತಹ ಹೆಸರುಗಳಲ್ಲಿ ಬಹುಪಾಲು ಸಮಿತಿಗೆ ಮೊದಲೇ ತಿಳಿದಿದ್ದವೆಂಬುದನ್ನು ವಿಕ್ಟರ್ ನವಾಸ್ಕಿ 1980ರ ತನ್ನ 'ನೇಮಿಂಗ್ ನೇಮ್ಸ್' ಕೃತಿಯಲ್ಲಿ ವಿವರಿಸಿದ್ದಾನೆ. ಎಂದರೆ ಬೇಕಾಗಿದ್ದುದು ಮಾಹಿತಿಯಲ್ಲ, ಶರಣಾಗತಿ.

ಈ ನೆಲೆಯಿಂದ ನೋಡಿದರೆ ನಾಟಕದ ದೌರ್ಬಲ್ಯವೂ ಸ್ಪಷ್ಟವಾಗುತ್ತದೆ. ಚರಿತ್ರೆಯ ಜಾನ್ ಪ್ರಾಕ್ಟರ್ ಅರವತ್ತರ ಆಸುಪಾಸಿನವನು, ಅಬಿಗೈಲ್ ಹನ್ನೊಂದು ಹನ್ನೆರಡರ ಬಾಲಕಿ. ಮಿಲ್ಲರ್ ಇವರ ವಯಸ್ಸನ್ನು ಬದಲಿಸಿ ಪ್ರಣಯವನ್ನು ಕಲ್ಪಿಸಿದ್ದರಿಂದ, ನ್ಯಾಯವ್ಯವಸ್ಥೆಯ ಅಪರಾಧವು ಹೆಣ್ಣೊಬ್ಬಳ ಸೇಡಿನ ಹಿಂದೆ ಮರೆಯಾಗುತ್ತದೆ. ನಾಲ್ಕನೆಯ ಅಂಕದಲ್ಲಿ ಮಾತ್ರ ಕೃತಿ ತನ್ನ ನಿಜವಾದ ವಸ್ತುವಿಗೆ ಮರಳುತ್ತದೆ. ಜೀವವುಳಿಸಿಕೊಳ್ಳಲು ಸುಳ್ಳೊಪ್ಪಿಗೆಗೂ ಸಿದ್ಧನಾದ ಪ್ರಾಕ್ಟರ್, ಇತರರ ಹೆಸರು ಹೇಳಲು ಒಪ್ಪುವುದಿಲ್ಲ. 1956ರ ಜೂನ್‌ನಲ್ಲಿ ಅದೇ ಸಮಿತಿಯ ಮುಂದೆ ನಿಂತ ಮಿಲ್ಲರ್ ತನ್ನ ಬಗ್ಗೆ ಉತ್ತರಿಸಿದ, ಸಹಬರಹಗಾರರ ಹೆಸರು ಹೇಳಲಿಲ್ಲ. 1957ರಲ್ಲಿ ಸಂಸತ್ತಿನ ನಿಂದನೆಗಾಗಿ ಅವನು ಅಪರಾಧಿಯೆಂದು ತೀರ್ಪಾಯಿತು. 1958ರಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು.